ಹಳೆಯ ಜಿಗ್‌ಜಾಗ್ ಹೊಲಿಗೆ ಯಂತ್ರ: ವಿಲೇವಾರಿಗೆ ಮುನ್ನ



ತರಬೇತಿ ಕೇಂದ್ರದ ಹಳೆಯ ಜಿಗ್‌ಜಾಗ್ ಯಂತ್ರವನ್ನು ಗುಜರಿಗೆ ಹಾಕಲು ಠರಾವು ಮಾಡುವ ಮುನ್ನ ಅದನ್ನೊಮ್ಮೆ ಪರಿಶೀಲಿಸುವುದು ಸೂಕ್ತ. ಸೂಜಿ ಅತ್ತಿತ್ತ ಚಲಿಸದೆ ನೇರ ಹೊಲಿಗೆಯಷ್ಟೇ ಬೀಳುತ್ತಿದ್ದರೆ, ಸಾಮಾನ್ಯವಾಗಿ ಯಾವ ಭಾಗವೂ ಮುರಿದಿರುವುದಿಲ್ಲ. ವರ್ಷಗಟ್ಟಲೆ ನಿಂತ ಯಂತ್ರದೊಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹೊಲಿಗೆಯ ಅಗಲ ಬದಲಿಸುವ ಹಿಡಿಯನ್ನು ಬಲವಂತವಾಗಿ ಎಳೆಯಬಾರದು. ಕೀಲುಗಳಿಗೆ ಹೇರ್ ಡ್ರೈಯರ್‌ನಿಂದ ಹದವಾದ ಬಿಸಿ ತಾಕಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನೇ ಹನಿಹನಿಯಾಗಿ ಬಿಟ್ಟು, ಕೈಚಕ್ರವನ್ನು ನಿಧಾನವಾಗಿ ತಿರುಗಿಸಬೇಕು. ಕೊಬ್ಬರಿ ಎಣ್ಣೆ ಖಂಡಿತ ಬೇಡ, ಅದೂ ಅಂಟಾಗುತ್ತದೆ.

ಒಂದೇ ಬದಿಯಲ್ಲಿ ಹೊಲಿಗೆ ತಪ್ಪುತ್ತಿದ್ದರೆ ಮೊದಲು ಹೊಸ ಸೂಜಿ ಹಾಕಿ ನೋಡತಕ್ಕದ್ದು. ಆಗಲೂ ತಪ್ಪಿದರೆ, ಸೂಜಿಯನ್ನು ಶಟಲ್‌ನ ಮೊನೆ ಸಂಧಿಸುವ ಸಮಯ ಕೆಟ್ಟಿರಬಹುದು. ಅದು ಮೆಕ್ಯಾನಿಕ್‌ನ ಕೆಲಸ. ನೀಡಲ್ ಪ್ಲೇಟ್‌ನ ರಂಧ್ರ ಅಡ್ಡಗಲವಾಗಿರಲಿ. ಗುಂಡು ರಂಧ್ರದ ಪ್ಲೇಟ್‌ಗೆ ಬಡಿದ ಸೂಜಿ ಮುರಿದು ಹೊಲಿಯುವವರ ಕಣ್ಣಿಗೆ ಸಿಡಿದೀತು.