ಬೀದಿಯ ಮಗು ಮತ್ತು ಗ್ರಾಮ ಪಂಚಾಯಿತಿ
(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಾಠ)



ಬೀದಿಮಕ್ಕಳೆಂದೊಡನೆ ಬೆಂಗಳೂರಿನ ಸಿಗ್ನಲ್ಲುಗಳೂ ರೈಲು ನಿಲ್ದಾಣವೂ ನೆನಪಾಗುತ್ತವೆ. ಅಲ್ಲಿ ಕಾಣುವ ಎಷ್ಟೋ ಮಕ್ಕಳ ಹೆಸರು ಒಂದು ಕಾಲಕ್ಕೆ ಯಾವುದೋ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿತ್ತು. ರಾಮನಗರ, ಚನ್ನಪಟ್ಟಣಗಳಿಂದ ರೈಲು, ಕನಕಪುರ, ಮಾಗಡಿಗಳಿಂದ ಬಸ್ಸು, ಹಾದಿ ದೂರದ್ದಲ್ಲ. ಮನೆಯಲ್ಲಿ ಕುಡಿತ, ಹೊಡೆತ, ಸಾಲ ಸೇರಿದಾಗ ಅದು ಮಗುವಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಈ ತಾಲ್ಲೂಕುಗಳಲ್ಲಿ ರೇಷ್ಮೆಯ ವಿಚಾರವನ್ನು ಬಿಟ್ಟು ಈ ಮಾತನಾಡುವಂತಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆ ಜಿಲ್ಲೆಯ ಹೆಮ್ಮೆ. ಅದೇ ಗೂಡು ಬಿಚ್ಚುವ ಕೊಠಡಿಗಳಲ್ಲಿ ಸುಡುನೀರಿಗೆ ಕೈಯದ್ದಿ ಎಳೆ ಹುಡುಕುತ್ತಿದ್ದ ಮಕ್ಕಳಿದ್ದರು. ಹುರಿ ಯಂತ್ರಗಳ ಸದ್ದಿನ ನಡುವೆ ನಿಂತು ತುಂಡಾದ ಎಳೆಗೆ ಗಂಟು ಹಾಕುತ್ತಿದ್ದವರೂ ಇದ್ದರು. ಕರ್ನಾಟಕದ ರೇಷ್ಮೆ ಉದ್ಯಮದ ಜೀತಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ 2003ರ ವರದಿ ಲೋಕದ ಮುಂದಿಟ್ಟಿತು. ತಂದೆ ಪಡೆದ ಮುಂಗಡಕ್ಕೆ ಮಗುವಿನ ದುಡಿಮೆಯೇ ಒತ್ತೆ. ಹಾಗೆ ಸಿಕ್ಕಿಬಿದ್ದ ಮಗುವಿಗೆ ಬೀದಿಯೇ ಬಿಡುಗಡೆಯಂತೆ ತೋರಿದರೆ ಸೋಜಿಗವಿಲ್ಲ.

ಮುಂಗಡ ತೀರುವವರೆಗೆ ಮಗುವನ್ನು ಕಳುಹಿಸಲಾಗದೆಂದು ಮಾಲೀಕನು ಹೇಳಿದರೆ ಪೋಷಕರು ತಲೆತಗ್ಗಿಸಿ ಹಿಂದಿರುಗುತ್ತಾರೆ. 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯಂತೆ ಜೀತದ ಸಾಲವನ್ನು ತೀರಿಸುವ ಹೊಣೆ ಯಾರಿಗೂ ಇಲ್ಲ; ಅದರ ವಸೂಲಿಗೆ ದಾವೆಯೂ ನಡೆಯದು. ಈ ಒಂದು ಮಾತನ್ನು ಸದಸ್ಯರು ಪ್ರತಿ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಹೇಳಿದರೆ ಹಲವು ಮನೆಗಳ ಭಯ ಇಳಿದೀತು. ಮಾಲೀಕನು ಸದಸ್ಯರ ಬಂಧುವೋ ಊರಿನ ಗಣ್ಯನೋ ಆಗಿರುವುದುಂಟು. ಆಗ ಬಾಯಿ ತೆರೆಯುವುದು ಕಷ್ಟವೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಆದರೂ ವಿಷಯ ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ತಲುಪಲೇಬೇಕು.

ಬೀದಿಯಲ್ಲಿ ಒಂಟಿಯಾಗಿ ಕಂಡ ಮಗು ಅಪರಾಧಿಯಲ್ಲ. 2015ರ ಬಾಲನ್ಯಾಯ ಕಾಯ್ದೆ ಅದನ್ನು ಪೋಷಣೆ, ರಕ್ಷಣೆ ಬೇಕಾದ ಮಗುವೆಂದೇ ಕರೆಯುತ್ತದೆ. 1098ಕ್ಕೆ ಕರೆ ಮಾಡಬೇಕು. ಪ್ರಯಾಣದ ಕಾಲ ಬಿಟ್ಟು 24 ಗಂಟೆಗಳೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಂಜಿದ ಮಗು ಹೆಸರನ್ನೂ ಊರನ್ನೂ ತಪ್ಪಾಗಿ ಹೇಳಬಹುದು. ಅದಕ್ಕೆ ಗದರಿಸಬೇಕಾಗಿಲ್ಲ.

ಕಷ್ಟದ ಭಾಗ ಮಗು ಊರಿಗೆ ಮರಳಿದ ನಂತರದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿಗೆ ತಕ್ಕ ತರಗತಿ, ವಿಶೇಷ ತರಬೇತಿ ಎರಡೂ ಅದರ ಹಕ್ಕು. ಹನ್ನೊಂದು ವರ್ಷದವನನ್ನು ಒಂದನೇ ತರಗತಿಯಲ್ಲಿ ಕೂರಿಸಿದರೆ ನಾಚಿಕೆಯಿಂದಲೇ ಮತ್ತೆ ರೈಲು ಹತ್ತಿಯಾನು. ಮನೆಯ ಸಾಲ, ಕುಡಿತ ಹಾಗೆಯೇ ಉಳಿದಿದ್ದರೂ ಅಷ್ಟೇ.

ಪಕ್ಕದ ಬೆಂಚಿನವನು ಎಲ್ಲಿಗೆ ಹೋದನೆಂಬುದು ಮೇಷ್ಟರಿಗಿಂತ ಮೊದಲು ಮಕ್ಕಳಿಗೆ ತಿಳಿದಿರುತ್ತದೆ. ಮುಂದಿನ ಮಕ್ಕಳ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಆ ಪ್ರಶ್ನೆಯೇ ಮೊದಲನೆಯದಾಗಿರಲಿ.