ಗಣಕಯಂತ್ರ ಕೊಳ್ಳುವ ಮುನ್ನ ಸಂಘ ಕೇಳಬೇಕಾದ ಪ್ರಶ್ನೆಗಳು

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಗ್ರಾಮ ಸಂಘಗಳ ಕಾರ್ಯಕರ್ತರು ಹಾಗೂ ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಕಾಡು, ನೀರು, ಭೂಮಿಗಳ ವಿಚಾರವಾಗಿ ಸೇರಿರುವ ಈ ಸಭೆಯಲ್ಲಿ ಗಣಕಯಂತ್ರದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ಕಾಡಿನ ಮೇಲೆ ನಮಗಿರುವ ಹಕ್ಕು ಇಂದು ದಾಖಲೆಯ ಮೇಲೆ ನಿಂತಿದೆ. ಆ ದಾಖಲೆ ವರ್ಷದಿಂದ ವರ್ಷಕ್ಕೆ ಕಾಗದದಿಂದ ಯಂತ್ರದೊಳಕ್ಕೆ ಹೋಗುತ್ತಿದೆ. ಯಾವ ಯಂತ್ರ, ಯಾವ ತಂತ್ರಾಂಶ ಎಂಬ ತೀರ್ಮಾನವನ್ನು ಮಾತ್ರ ನಾವು ಅಂಗಡಿಯವನಿಗೋ ದಾನಿಗಳಿಗೋ ಸಂಘದಲ್ಲಿ ಸ್ವಲ್ಪ ಇಂಗ್ಲಿಷ್ ಬಲ್ಲ ಹುಡುಗನಿಗೋ ಬಿಟ್ಟುಬಿಟ್ಟಿದ್ದೇವೆ. ಅದು ಸಂಘವೇ ಕುಳಿತು ಮಾಡಬೇಕಾದ ತೀರ್ಮಾನ ಎಂಬುದಷ್ಟೇ ನನ್ನ ಇಂದಿನ ಮಾತಿನ ಸಾರ.

ಮೊದಲು ನಮ್ಮ ಕಣ್ಣೆದುರಿನ ಉದಾಹರಣೆಯನ್ನು ನೋಡೋಣ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದಕ್ಕೂ ಮುನ್ನ ಸೋಲಿಗರು ಏಟ್ರೀ ಸಂಶೋಧನಾ ಸಂಸ್ಥೆಯ ನೆರವಿನಿಂದ ತಮ್ಮ ಕಾಡಿನ ನಕ್ಷೆ ಮಾಡಿದ್ದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಅವರು ಪೂಜಿಸುವ ತಾಣಗಳನ್ನು ಹಿರಿಯರು ತೋರಿಸುತ್ತ ನಡೆದರು. ಜಿಪಿಎಸ್ ಉಪಕರಣ ಹಿಡಿದ ಯುವಕರು ಪ್ರತಿ ತಾಣವನ್ನೂ ಗುರುತು ಮಾಡಿಕೊಂಡರು. ಈ ಕಾಡಿನೊಡನೆ ಜನರಿಗಿರುವ ಸಂಬಂಧವನ್ನು ಅಧಿಕಾರಿಗಳ ಮೇಜಿನ ಮೇಲೆ ಹರಡಿ ತೋರಿಸಬಲ್ಲ ದಾಖಲೆ ಹಾಗೆ ಸಿದ್ಧವಾಯಿತು. 2011ರಲ್ಲಿಯೇ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಉಪಕರಣ ಬಂದದ್ದು ಕೊನೆಗೆ ಎಂಬುದನ್ನು ಗಮನಿಸಬೇಕು. ಏನನ್ನು ದಾಖಲಿಸಬೇಕು, ಏಕೆ, ಯಾರ ಮಾತಿನಂತೆ ಎಂಬುದು ಮೊದಲೇ ನಿರ್ಧಾರವಾಗಿತ್ತು.

ಈಗ ಕಾಲದ ಲೆಕ್ಕ ಹಾಕೋಣ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿ ಅದನ್ನು ಅವಲಂಬಿಸಿದ್ದನ್ನು ತೋರಿಸಬೇಕು. ಹನೂರು ಭಾಗದ ಎಷ್ಟೋ ಕುಟುಂಬಗಳು ಈ ಷರತ್ತಿನ ಭಾರವನ್ನು ಬಲ್ಲವು. ಇನ್ನು ತಂತ್ರಾಂಶದ ಆಯುಸ್ಸು ಎಷ್ಟು? 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಜನ ಚಿತ್ರಗಳನ್ನು ಇಟ್ಟುಕೊಂಡಿದ್ದ ಗೂಗಲ್‌ನ ಪಿಕಾಸಾ 2016ರಲ್ಲಿ ನಿಂತಿತು. ಊರವರೇ ದಾರಿ, ಕೆರೆಗಳನ್ನು ಗುರುತಿಸುತ್ತಿದ್ದ ಗೂಗಲ್ ಮ್ಯಾಪ್ ಮೇಕರ್ 2017ರಲ್ಲಿ ಮುಚ್ಚಿತು. ಕಾನೂನು ಮೂರು ತಲೆಮಾರಿನ ಸಾಕ್ಷ್ಯ ಕೇಳುತ್ತದೆ. ಯಂತ್ರ ಹತ್ತು ಹದಿನೈದು ವರ್ಷಕ್ಕೆ ಕೈಬಿಡುತ್ತದೆ. ಈ ಅಂತರವನ್ನು ತುಂಬುವ ಹೊಣೆ ಸಂಘದ್ದು.

ಕನ್ನಡದ ಪಾಡು ಇದಕ್ಕಿಂತ ಸೂಕ್ಷ್ಮವಾದದ್ದು. ನುಡಿ, ಬರಹ ಮುಂತಾದ ತಂತ್ರಾಂಶಗಳಿಂದಲೇ ನಮ್ಮ ಸಂಘಗಳು ಕನ್ನಡದಲ್ಲಿ ಠರಾವು, ಮನವಿಪತ್ರಗಳನ್ನು ಬೆರಳಚ್ಚು ಮಾಡಲು ಕಲಿತವು. ಆ ಉಪಕಾರವನ್ನು ಮರೆಯಬಾರದು. ಆದರೆ ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹೆಸರು ಹುಡುಕಿದರೆ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ; 1991ರಿಂದಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದೆ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಕೆಡುವುದುಂಟು. ಆದ್ದರಿಂದ ಮೂಲಪ್ರತಿ ಇಟ್ಟುಕೊಂಡು ಊರಿನ ಹೆಸರು, ಸರ್ವೆ ಸಂಖ್ಯೆ, ದಿನಾಂಕಗಳನ್ನು ಒಂದೊಂದಾಗಿ ಓದಿ ನೋಡಬೇಕು. ಮೂಡಿಗೆರೆಯ ಕಾಡಂಚಿನಲ್ಲಿ ಬದುಕಿದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ಹಟ ಹಿಡಿದದ್ದು ಸುಮ್ಮನೆ ಅಲ್ಲ.

ಹಾಗಾದರೆ ಸಂಘ ಏನು ಮಾಡಬೇಕು? ಯಂತ್ರ ಕೊಳ್ಳುವ ಮುನ್ನ, ದಾನವಾಗಿ ಸ್ವೀಕರಿಸುವ ಮುನ್ನವೂ, ಸಮಿತಿ ಒಂದು ದಿನ ಕುಳಿತು ಐದು ಪ್ರಶ್ನೆಗಳಿಗೆ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು.

ಒಂದು, ನಮ್ಮ ಕೆಲಸ ಯಾವುದು? ಸದಸ್ಯರ ಪಟ್ಟಿ, ಜಮಾಖರ್ಚು, ಹಕ್ಕಿನ ಅರ್ಜಿಗಳು, ನೆಲ್ಲಿಕಾಯಿ, ಜೇನುಗಳ ತೂಕದ ಲೆಕ್ಕ, ಛಾಯಾಚಿತ್ರಗಳು: ಯಾವುದು ಎಷ್ಟು ವರ್ಷ ಉಳಿಯಬೇಕು? ಪುಸ್ತಕದಲ್ಲಿ ಚೆನ್ನಾಗಿ ನಡೆಯುತ್ತಿರುವ ಲೆಕ್ಕವನ್ನು ಯಂತ್ರಕ್ಕೆ ಹಾಕಲೇಬೇಕೆಂಬ ನಿಯಮವೇನೂ ಇಲ್ಲ.

ಎರಡು, ಹೊರಬರುವ ದಾರಿ ಇದೆಯೆ? ಬೇರೆ ತಂತ್ರಾಂಶಗಳೂ ಓದಬಲ್ಲ ಸಾಮಾನ್ಯ ರೂಪದಲ್ಲಿ ಎಲ್ಲ ದಾಖಲೆಯನ್ನೂ ಒಟ್ಟಿಗೆ ಹೊರತೆಗೆಯಲು ಬರುತ್ತದೆಯೆ? ಕೊಂಡ ಮೇಲೆ ಕೇಳುವ ಪ್ರಶ್ನೆ ಇದಲ್ಲ. ಹತ್ತು ಹೆಸರು ಹಾಕಿ, ಹೊರತೆಗೆದು, ಬೇರೊಂದು ಯಂತ್ರದಲ್ಲಿ ತೆರೆದು ನೋಡಿಯೇ ಒಪ್ಪಬೇಕು.

ಮೂರು, ಪೂರ್ತಿ ಖರ್ಚೆಷ್ಟು? ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯಂತೆ ಯಂತ್ರಗಳನ್ನು ಪಡೆದು ಮೂಲೆಗೆ ಸೇರಿಸಿದ ಸಂಘಗಳಿವೆ. ವಾರ್ಷಿಕ ಶುಲ್ಕ, ರಿಪೇರಿ, ಬ್ಯಾಟರಿ, ಅಂತರಜಾಲ, ತರಬೇತಿ ಎಲ್ಲವನ್ನೂ ಐದು ವರ್ಷಕ್ಕೆ ಲೆಕ್ಕ ಹಾಕಬೇಕು. ಸಿಗ್ನಲ್ ಸಿಗದ ಪೋಡಿನಲ್ಲಿ ಅಂತರಜಾಲವಿಲ್ಲದೆ ತೆರೆಯದ ತಂತ್ರಾಂಶ ಉಪಯೋಗಕ್ಕೆ ಬಾರದು.

ನಾಲ್ಕು, ಕೆಟ್ಟರೆ ಸರಿಪಡಿಸುವವರು ಯಾರು? ಇಲ್ಲಿ ಮುಕ್ತ ತಂತ್ರಾಂಶಗಳ ಮಾತು ಬರುತ್ತದೆ. ಪತ್ರ, ಲೆಕ್ಕಗಳಿಗೆ ಲಿಬ್ರೆ ಆಫೀಸ್, ನಕ್ಷೆಗೆ ಕ್ಯೂಜಿಐಎಸ್, ಹಳೆಯ ಯಂತ್ರಕ್ಕೆ ಲಿನಕ್ಸ್ ಇವೆ. ಇವುಗಳಿಗೆ ಪರವಾನಗಿ ಶುಲ್ಕವಿಲ್ಲ. ಪ್ರತಿ ಮಾಡಿ ಹಂಚುವುದು ಅಪರಾಧವಲ್ಲ. ಕೇರಳ ರಾಜ್ಯ ತನ್ನ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸನ್ನೇ ಬಳಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಆದರೆ ಶುಲ್ಕವಿಲ್ಲ ಎಂದರೆ ಶ್ರಮವಿಲ್ಲ ಎಂದಲ್ಲ. ಕನಿಷ್ಠ ಇಬ್ಬರಾದರೂ ಕಲಿತಿರಬೇಕು. ಅವರಲ್ಲಿ ಒಬ್ಬರು ಮಹಿಳೆಯಾಗಿದ್ದರೆ ಇನ್ನೂ ಒಳ್ಳೆಯದು. ಬೆಂಬಲ ನಿಂತಿತೆಂದು ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕದೆ ಲಿನಕ್ಸ್ ಹಾಕಿ ಮತ್ತೆ ಕೆಲವು ವರ್ಷ ದುಡಿಸುವುದು ಪರಿಸರದ ಕೆಲಸವೇ ಆಗಿದೆ. ಯಂತ್ರದಲ್ಲಿರುವ ಸೀಸ ಗುಜರಿಯ ಮಣ್ಣು, ನೀರಿಗೆ ಸೇರುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಐದು, ಕೀಲಿ ಯಾರ ಕೈಯಲ್ಲಿದೆ? ಇಮೇಲ್ ಖಾತೆ ಒಬ್ಬ ಕಾರ್ಯಕರ್ತನ ಸ್ವಂತ ಮೊಬೈಲ್ ಸಂಖ್ಯೆಗೆ ಸೇರಿದ್ದರೆ, ಆತ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ದಿನ ಸಂಘದ ದಾಖಲೆಯೂ ಅವನೊಡನೆ ಹೋಗುತ್ತದೆ. ಖಾತೆ ಸಂಘದ ಹೆಸರಿನಲ್ಲಿರಲಿ. ಗುಪ್ತಪದವನ್ನು ಬರೆದು, ಲಕೋಟೆಗೆ ಮೊಹರು ಹಾಕಿ, ಅಧ್ಯಕ್ಷರ ಬಳಿ ಇಡಿ. ಮುಖ್ಯ ದಾಖಲೆಗೆ ಮೂರು ಪ್ರತಿ ಇರಲಿ: ಒಂದು ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ಹಕ್ಕಿಗೆ ಸಂಬಂಧಿಸಿದ ಕಾಗದದ ಮೂಲಪ್ರತಿಗಳನ್ನು ಎಂದಿಗೂ ಬಿಸಾಡಬೇಡಿ.

ಇನ್ನೊಂದು ಎಚ್ಚರಿಕೆಯ ಮಾತು. ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕಾಗಿಲ್ಲ. ಹೆಜ್ಜೇನು ಕಟ್ಟುವ ಬಂಡೆ, ಔಷಧದ ಬೇರು ಸಿಗುವ ಜಾಗ, ಕುಲದವರಿಗೆ ಮಾತ್ರ ತಿಳಿದಿರಬೇಕಾದ ದೇವರ ನೆಲೆ, ಇವು ಅಂತರಜಾಲದ ನಕ್ಷೆಗೆ ಒಮ್ಮೆ ಏರಿದರೆ ಮತ್ತೆ ನಮ್ಮ ಕೈಗೆ ಬರುವುದಿಲ್ಲ. ಯಾವುದನ್ನು ಹೊರಗೆ ಕೊಡಬೇಕು ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಸದಸ್ಯರ ಆಧಾರ್, ಬ್ಯಾಂಕ್ ವಿವರಗಳೂ ಹಾಗೆಯೇ. ಅವನ್ನು ಗಣಕದಲ್ಲಿ ಇಡುವವರ ಹೊಣೆಯ ಬಗ್ಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ.

2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯ ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸುವಂತೆ ಆದೇಶಿಸಿತು. ಅದೇ ತಿಂಗಳ 28ರಂದು ತಾನೇ ಅದಕ್ಕೆ ತಡೆ ನೀಡಿತು. ಆ ಹದಿನೈದು ದಿನಗಳ ಆತಂಕವನ್ನು ನೆನೆಯಿರಿ. ಅರ್ಜಿ ಯಾವಾಗ ಕೊಟ್ಟೆವು, ಸ್ವೀಕೃತಿ ಎಲ್ಲಿದೆ, ಹಿರಿಯರ ಹೇಳಿಕೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅಂದೇ ತೆಗೆದು ತೋರಿಸುವ ಶಕ್ತಿ ನಮ್ಮ ಸಂಘಗಳಿಗೆ ಇರಬೇಕು. ಒಳ್ಳೆಯ ತಂತ್ರಾಂಶವೆಂದರೆ ಆ ಶಕ್ತಿಯನ್ನು ಹೆಚ್ಚಿಸುವುದು, ಅಷ್ಟೆ.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘವೂ ತನ್ನಲ್ಲಿರುವ ದಾಖಲೆಗಳ ಪಟ್ಟಿಯೊಂದನ್ನು ಒಂದೇ ಹಾಳೆಯಲ್ಲಿ ಬರೆದು ತರಲಿ ಎಂದು ಕೋರುತ್ತೇನೆ. ಕಾಲೇಜಿನ ಮಿತ್ರರು ತಮ್ಮ ಊರಿನ ಸಂಘದ ಹಳೆಯ ಕಡತಗಳನ್ನು ತೆರೆದು, ಓದಲು ಬರುತ್ತದೆಯೇ ಎಂದು ನೋಡಿ ಬರಲಿ. ಅಲ್ಲಿಂದ ಕೆಲಸ ಆರಂಭಿಸೋಣ.