ಗುಮಾಸ್ತನ ಬೆರಳು, ನಮ್ಮ ಮಕ್ಕಳ ಪದವಿ
(ಔರಾದದಲ್ಲಿ ಮಾಡಿದ ಭಾಷಣ)

ಗಿರಣಿಯ ಸಂಗಾತಿಗಳೇ, ಅಂಗಡಿಯ ಬಂಧುಗಳೇ,

ವಿಶ್ವವಿದ್ಯಾಲಯದ ಸಿಬ್ಬಂದಿ ಕಂಪ್ಯೂಟರ್ ಕಲಿತರೆ ನಮಗೇನು ಎಂದು ಕೇಳಬೇಡಿ. ಹಿಂದೆ ಅಂಕಪಟ್ಟಿಯ ತಪ್ಪು ತಿದ್ದಿಸಲು ನಮ್ಮ ಮಕ್ಕಳು ಗುಲಬರ್ಗಾ ವಿಶ್ವವಿದ್ಯಾಲಯದವರೆಗೆ ಅಲೆಯುತ್ತಿದ್ದರು. 2023ರಲ್ಲಿ ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ಬೀದರ ವಿಶ್ವವಿದ್ಯಾಲಯ ಬಂದಿತು, ದಾರಿ ಹತ್ತಿರವಾಯಿತು. ಆದರೆ 2021ರಿಂದ ಪ್ರವೇಶ, ಪರೀಕ್ಷೆ, ಅಂಕ ಎಲ್ಲವೂ ಯುಯುಸಿಎಂಎಸ್ ಎಂಬ ಸರಕಾರಿ ಜಾಲದೊಳಗೆ ಸೇರುತ್ತ ಬಂದಿವೆ. ಅದನ್ನು ಬಲ್ಲ ಕೈ ಇಲ್ಲದಿದ್ದರೆ ಹತ್ತಿರದ ಕಚೇರಿಯೂ ದೂರವೇ.

ಕನ್ನಡ, ಮರಾಠಿ, ಉರ್ದು ಆಡುವ ನಮ್ಮ ಸೀಮೆಯಲ್ಲಿ ಒಂದೇ ಹೆಸರನ್ನು ಮೂರು ಬಗೆ ಬರೆಯುತ್ತಾರೆ. ಆಧಾರದಲ್ಲಿ ಒಂದು, ಕಾಲೇಜಿನಲ್ಲಿ ಇನ್ನೊಂದು ಇದ್ದರೆ ಕೂಲಿಕಾರನ ಮಗಳ ವಿದ್ಯಾರ್ಥಿವೇತನ ತಡೆಯುತ್ತದೆ. ಆದುದರಿಂದ ಹೆಸರು ತಾಳೆ ನೋಡುವುದು, ಯುನಿಕೋಡ್ ಕನ್ನಡದಲ್ಲಿ ಬೆರಳಚ್ಚು ಮಾಡುವುದು, ಏರಿಸಿದ ಅಂಕವನ್ನು ಮತ್ತೊಮ್ಮೆ ಪರೀಕ್ಷಿಸುವುದು, ಪಾಸ್‌ವರ್ಡನ್ನು ಯಾರಿಗೂ ಕೊಡದಿರುವುದು: ಇಷ್ಟನ್ನು ಸಿಬ್ಬಂದಿ ಕಲಿಯಲೇಬೇಕು.

ಕಲಿಸುವವರು ಯಾರು? ಹೊಸ ಯಂತ್ರ ತಂದ ಮಾಲೀಕ, ಕೆಲಸ ಕಲಿಸದೆ, ಮಾಲು ಕೆಟ್ಟಿತೆಂದು ದಂಡ ಹಾಕಿದರೆ ನಾವು ಒಪ್ಪುವೆವೇ? ತರಬೇತಿ ಕೆಲಸದ ವೇಳೆಯಲ್ಲೇ, ಪೂರ್ಣ ಸಂಬಳದೊಡನೆ ನಡೆಯಲಿ. ಗುತ್ತಿಗೆಯ ನೌಕರರಿಗೂ, ಅತಿಥಿ ಉಪನ್ಯಾಸಕರಿಗೂ ಅದು ಸಿಗಲಿ.

ಗುಮಾಸ್ತ ನಮ್ಮ ವೈರಿಯಲ್ಲ, ಅವನೂ ದುಡಿಯುವವನೇ. ಅವನ ಕಲಿಕೆಗಾಗಿ ನಾವೂ ದನಿಯೆತ್ತೋಣ.